ಮೂರು ತಲೆಮಾರಿನ ಉಸಿರು

ಹತ್ತೂವರೆಯೊಳಗೆ ಅವನು ಎರಡು ಗಾಜು ಒಡೆದಿದ್ದ. ಎರಡು ಸಲವೂ ಅವನಿಗೆ ನಗು ಬಂದಿತ್ತು. ಇಪ್ಪತ್ತೆರಡು ವರ್ಷ ಗಾಜು ಕೊರೆದ ಕೈ ಅದು. ಕಂಬಳಿ ಹಾಸಿದ ಮೇಜಿನ ಮೇಲೆ ಹಾಳೆ ಮಲಗಿಸಿ, ಮರದ ಪಟ್ಟಿ ಒತ್ತಿ ಹಿಡಿದು, ಸೀಮೆಎಣ್ಣೆಯಲ್ಲಿ ಅದ್ದಿದ ಕಟರಿನ ಪುಟ್ಟ ಚಕ್ರವನ್ನು ಆಚೆ ತುದಿಯಿಂದ ತನ್ನ ಎದೆಯ ಕಡೆಗೆ ಒಂದೇ ಎಳೆತದಲ್ಲಿ ಎಳೆದರೆ, ರೇಷ್ಮೆ ಹರಿದ ಹಾಗೆ ಸದ್ದು ಬರಬೇಕು. ಇವತ್ತು ಆ ಸದ್ದಿನ ನಡುವೆ ಏನೋ ಬಿಕ್ಕಳಿಸಿದಂತಾಗಿ ಗೀರು ಪಕ್ಕಕ್ಕೆ ಓಡಿಹೋಗುತ್ತಿತ್ತು. ತಪ್ಪು ಗಾಜಿನದಲ್ಲ. ಬೆಳಿಗ್ಗೆ ಎದ್ದಾಗಿನಿಂದ ಅವನ ತಲೆಯೊಳಗೆ ಯಾರೋ ಉಯ್ಯಾಲೆ ಕಟ್ಟಿಕೊಂಡು ಜೀಕುತ್ತಿದ್ದರು. ಬಸ್ಸಿನಲ್ಲಿ ಪರಿಚಯವಿಲ್ಲದ ಮುದುಕನೊಬ್ಬನಿಗೆ ಹಲೋ ಎಂದಿದ್ದ. ಅಂಗಡಿಯ ಬೀಗಕ್ಕೆ ಮನೆಯ ಕೀಲಿ ಹಾಕಿ, ತೆರೆಯದಿದ್ದಾಗ ಬೀಗಕ್ಕೆ ಸಮಾಧಾನ ಹೇಳಿದ್ದ. ಇಷ್ಟೊಂದು ಸಂತೋಷ ಸಭ್ಯವಾದದ್ದಲ್ಲ ಎಂದು ಅವನಿಗೆ ಗೊತ್ತಿತ್ತು. ಅದರ ಕಾರಣ ಗೊತ್ತಿದ್ದದ್ದು ಅವನೊಬ್ಬನಿಗೇ, ಅಥವಾ ಹಾಗೆಂದು ಅವನು ನಂಬಿದ್ದ.

“ಏನಯ್ಯಾ, ಹೊಸದಾಗಿ ಮದುವೆ ಆದವರ ಹಾಗೆ ಆಡ್ತಿದ್ದೀಯ?” ಎಂದ ಪಾಲುದಾರ. ಚೌಕಟ್ಟು ಮಾಡುವುದು ಅವನ ಕೆಲಸ. ಮಾತನ್ನೂ ನಾಲ್ಕು ಕಡೆಯಿಂದ ಮೊಳೆ ಹೊಡೆದು ಕೂರಿಸುವವನು.

“ನಾಲ್ಕು ಗಂಟೆಗೆ ಮಗಳನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಬೇಕು.”

“ಅದಕ್ಕೆ ಯಾರಾದ್ರೂ ನಗ್ತಾರಾ?”

ಯಾರೂ ನಗುವುದಿಲ್ಲ. ಆರು ವರ್ಷದ ಹುಡುಗಿ, ಮನೆಯಲ್ಲಿ ಎಲ್ಲರ ಬಾಯಲ್ಲೂ ಬುಗುರಿ, ಶಾಲೆಯಲ್ಲಿ ಮೂರನೆಯ ಸಲ ಉಸಿರು ಕಟ್ಟಿಕೊಂಡು, ತುಟಿ ನೀಲಿಯಾಗಿ, ಎರಡು ಬೆಂಚುಗಳ ಸಂದಿಯಲ್ಲಿ ಬಿದ್ದಿದ್ದಳು. ಅಳಲಿಲ್ಲ, ಕಿರುಚಲಿಲ್ಲ, ಸುಮ್ಮನೆ ಬಾಯಿ ಮುಚ್ಚಿಕೊಂಡಳು, ಕೆನ್ನೆ ಬಿಗಿದಳು, ಹೋದಳು. ಅರ್ಧ ನಿಮಿಷದಲ್ಲಿ ಎದ್ದು ಕೂತು ನೀರು ಕೇಳಿದಳಂತೆ. ಮನೆಯಲ್ಲೂ ಎರಡು ಸಲ ಹೀಗಾಗಿತ್ತು. ಡಾಕ್ಟರ ಪತ್ರ ತರುವ ತನಕ ತರಗತಿಗೆ ಕಳಿಸಬೇಡಿ ಎಂದು ಮುಖ್ಯೋಪಾಧ್ಯಾಯಿನಿ ಮೇಜಿನ ಮೇಲಿನ ಪೆನ್ಸಿಲುಗಳನ್ನು ಸಾಲಾಗಿ ಜೋಡಿಸುತ್ತ ಹೇಳಿದ್ದರು. ಮಕ್ಕಳ ಮನಸ್ಸಿನ ಡಾಕ್ಟರು ಹೋದ ವಾರ ಮೊದಲ ಭೇಟಿಯಲ್ಲಿ ತಮ್ಮ ಕಡತ ಬಿಚ್ಚಿ, ನಿದ್ದೆ, ಊಟ, ಹಟ, ಭಯ, ಒಂದೊಂದನ್ನೇ ಕೇಳುತ್ತ ಬಂದು, “ಮನೇಲಿ ಬೇರೆ ಯಾರಿಗಾದ್ರೂ ಚಿಕ್ಕವರಿದ್ದಾಗ ಹೀಗಾಗ್ತಿತ್ತಾ?” ಎಂದಾಗ, ಉತ್ತರ ಗೊತ್ತಿರುವ ಹಿಂದಿನ ಬೆಂಚಿನ ಹುಡುಗನ ಹಾಗೆ ಅವನ ಕೈ ಮೇಲೆದ್ದುಬಿಟ್ಟಿತ್ತು. “ನನಗೆ! ನನಗಾಗ್ತಿತ್ತು ಡಾಕ್ಟ್ರೇ!” ಡಾಕ್ಟರು ಬರೆದುಕೊಂಡರು. ಅಂಗಡಿ ಫಲಕಗಳ ಅಕ್ಷರವನ್ನು ಗಾಜಿನ ಹಿಂಬದಿಯಿಂದ ಓದಿ ಓದಿ ಅವನಿಗೆ ತಿರುವುಮುರುವು, ತಲೆಕೆಳಗು, ಎಂಥ ಬರಹವೂ ಸಲೀಸು. ಮೇಜಿನ ಈಚೆಯಿಂದಲೇ ಓದಿದ: ತಂದೆಯ ಕಡೆಯಿಂದ. ಎರಡು ಪದ. ಹದಿಮೂರು ತಿಂಗಳ ಮಗುವಾಗಿದ್ದಾಗ ಯಾವುದೋ ದತ್ತು ಕೇಂದ್ರದ ಉದ್ದನೆಯ ಪಡಸಾಲೆಯಲ್ಲಿ ಒಬ್ಬ ದಾದಿಯ ತೋಳಿನಿಂದ ಅವನ ತೋಳಿಗೆ ಬಂದ ಮಗು ಇದು ಎಂಬುದನ್ನು ಆ ಎರಡು ಪದ ಎಷ್ಟು ಚೊಕ್ಕವಾಗಿ ಒರೆಸಿಹಾಕಿದವೆಂದರೆ, ಅವನು ಸರಿಪಡಿಸಲು ಬಾಯಿ ತೆರೆದವನು ತೆರೆದ ಬಾಯಿಂದ “ಥ್ಯಾಂಕ್ಸ್” ಎಂದಿದ್ದ. ಹೆಂಡತಿ ಅವನತ್ತ ತಿರುಗಿ ನೋಡಿದ್ದಳು. ಏನೂ ಹೇಳಿರಲಿಲ್ಲ. ಆವತ್ತಿನಿಂದ ಏಳು ದಿನ ಏನೂ ಹೇಳಿರಲಿಲ್ಲ.

ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಐದು ವರ್ಷದ ಹಿಂದೆ ಅವನ ತಾಯಿ, “ಯಾರ ರಕ್ತವೋ ಏನೋ, ನಾಳೆ ಏನೇನು ಹೊರಗೆ ಬರುತ್ತೋ” ಎಂದು ಗೊಣಗಿದಾಗ, ಅವಳು ಸೂಜಿ ಚುಚ್ಚುವಷ್ಟೇ ಮೆಲ್ಲಗೆ, “ಅತ್ತೆ, ನಾನು ದಿನಾ ಮೂವತ್ತು ಜನರ ರಕ್ತ ನೋಡ್ತೀನಿ. ಒಳ್ಳೇದು ಕೆಟ್ಟದ್ದು ಯಾವುದೂ ಅದರಲ್ಲಿ ತೇಲ್ತಾ ಇರೋದು ನಾನಂತೂ ಕಂಡಿಲ್ಲ,” ಎಂದಿದ್ದಳು. ಅವಳ ಮೌನ ಕೂಡ ಲ್ಯಾಬಿನದೇ. ಸ್ವಚ್ಛ, ಮುಚ್ಚಳ ಹಾಕಿದ್ದು, ಮೇಲೆ ತಾರೀಖು ಬರೆದದ್ದು. ಸಿಟ್ಟು ಬಂದರೆ ನಲ್ಲಿಯನ್ನು ಒಂದು ಸುತ್ತು ಹೆಚ್ಚು ಬಿಗಿಯುತ್ತಾಳೆ, ಅಷ್ಟೇ. ಅವನೂ ಜಗಳದವನಲ್ಲ. ಅವರ ಮನೆಯಲ್ಲಿ ಒಂದು ತಟ್ಟೆಯೂ ಸಿಟ್ಟಿನಿಂದ ಒಡೆದದ್ದಿಲ್ಲ, ಒಂದು ಬಾಗಿಲೂ ದಢಾರೆಂದದ್ದಿಲ್ಲ. ಪಕ್ಕದ ಮನೆಯವರು ಇವರನ್ನು ತೋರಿಸಿ ತಮ್ಮ ಗಂಡಂದಿರಿಗೆ ಬುದ್ಧಿ ಹೇಳುತ್ತಿದ್ದರು. ಈ ವಾರ ನಲ್ಲಿಯ ವಾಷರು ಹೋಗಿತ್ತು.

ಮೂರನೆಯ ಹಾಳೆಯನ್ನು ಅವನು ಮುಟ್ಟಲಿಲ್ಲ. ನೆನಪನ್ನು ಇನ್ನೊಂದು ಸಲ ತೆಗೆದು ಬೆಳಕಿಗೆ ಹಿಡಿದು ನೋಡುತ್ತ ನಿಂತ. ಸಿಮೆಂಟಿನ ಮೆಟ್ಟಿಲು, ಬಿಸಿಲು, ಯಾರೋ ಆಟದ ಸಾಮಾನು ಕಿತ್ತುಕೊಂಡಿದ್ದಾರೆ, ಹುಡುಗನೊಬ್ಬ ಬಾಯಿ ಮುಚ್ಚಿ ಕೆನ್ನೆ ಉಬ್ಬಿಸಿ ಕೆಂಪಾಗಿ, ಆಮೇಲೆ ನೀಲಿಯಾಗಿ ಉರುಳುತ್ತಾನೆ. ಹೆಂಗಸರು ಓಡಿಬರುತ್ತಾರೆ, ಮುಖಕ್ಕೆ ನೀರು. ಆ ನೀರಿನ ತಂಪು ಕೂಡ ಅವನಿಗೆ ನೆನಪಿತ್ತು. ಅದೇ ಕೆನ್ನೆ, ಅದೇ ನೀಲಿ. ಬುಗುರಿಯ ಮೂಗು ಅವನದಲ್ಲ, ಕಿವಿ ಅವನದಲ್ಲ, ಬಸ್ಸಿನಲ್ಲಿ ಜನ “ಯಾರ ಹಾಗೆ ಮಗು?” ಎಂದು ಕೇಳಿದಾಗಲೆಲ್ಲ ಅವನು ಕಿಟಕಿಯ ಆಚೆ ನೋಡುತ್ತಿದ್ದ. ಆದರೆ ಈ ಹಾಳು ರೋಗ, ದೇವರೇ, ಈ ಮುದ್ದಾದ ಹಾಳು ರೋಗ ಅವನದು. ಮುಖ್ಯೋಪಾಧ್ಯಾಯಿನಿ ಪೆನ್ಸಿಲು ಜೋಡಿಸುತ್ತಿದ್ದಾಗ ಅವನು ತಲೆ ತಗ್ಗಿಸಿ ಕೂತದ್ದು ನಾಚಿಕೆಯಿಂದಲ್ಲ. ಮಗು ಬೀಳುತ್ತಿದೆ, ತಂದೆ ಒಳಗೊಳಗೇ ಕುಣಿಯುತ್ತಿದ್ದಾನೆ. ಇಂಥ ತಂದೆಗೆ ಯಾವ ಕಡತದಲ್ಲಿ ಜಾಗ? ಆ ಯೋಚನೆ ಕೊಳಕ್ಕೆ ಎಸೆದ ಕಲ್ಲಿನ ಹಾಗೆ ಬೀಳುತ್ತಿತ್ತು. ಆದರೆ ಕಲ್ಲು ಬಿದ್ದ ನೀರು ಉಂಗುರ ಉಂಗುರವಾಗಿ ಮತ್ತೆ ನಗುತ್ತಿತ್ತು.

ಡಾಕ್ಟರು, “ಮುಂದಿನ ಸಲ ನಿಮ್ಮ ತಾಯೀನೂ ಕರ್ಕೊಂಡು ಬನ್ನಿ, ನಿಮ್ಮ ಬಾಲ್ಯದ್ದು ಅವರಿಗೇ ಚೆನ್ನಾಗಿ ಗೊತ್ತಿರುತ್ತೆ,” ಎಂದಿದ್ದರು. ಮೂರು ಗಂಟೆಗೆ ತಂಗಿಯ ಮನೆಯಿಂದ ತಾಯಿಯನ್ನು ಬಸ್ಸು ಹತ್ತಿಸಿದ. ಮುದುಕಿ ಕಿಟಕಿಯ ಪಕ್ಕ ಕೂತು, ಎದುರಿನವರ ಚಪ್ಪಲಿಗಳನ್ನೆಲ್ಲ ಒಮ್ಮೆ ಪರಿಶೀಲಿಸಿ, ಅವನು ಹೇಳಿದ್ದನ್ನು ಪೂರ್ತಿ ಕೇಳಿ, “ಯಾರು, ನೀನಾ?” ಎಂದಳು.

“ಹೂಂ ಅಮ್ಮ. ಮೆಟ್ಟಿಲ ಮೇಲೆ. ನೀನು ನೀರು ಚಿಮುಕಿಸಿದ್ದೆ.”

“ನೀನು ಉಸಿರು ಕಟ್ಟೋದಾ? ಬಾಯಿ ಮುಚ್ಚಿದ್ರೆ ತಾನೇ ಕಟ್ಟೋಕೆ! ಹುಟ್ಟಿದಾಗಿಂದ ವಟವಟ ವಟವಟ. ಅದು ಕೆಳಗಿನ ಮನೆ ಹುಡುಗ ಕಣೋ, ದರ್ಜಿಯ ಮಗ. ನೀನು ಪಕ್ಕದಲ್ಲಿ ನಿಂತು ಅಳ್ತಿದ್ದೆ. ಅವನಿಗೆ ಹಾಕಿದ ನೀರು ನಿನಗೂ ಬಿತ್ತು.”

ಬಸ್ಸು ಒಂದು ತಿರುವು ತೆಗೆದುಕೊಂಡಿತು. ಅವನು ಮೇಲಿನ ಕಂಬಿ ಹಿಡಿದುಕೊಂಡಿದ್ದರೂ ಅರ್ಧ ಸುತ್ತು ತಿರುಗಿದ. ದರ್ಜಿಯ ಮಗ. ಅಂದರೆ ಮಗಳು ಅವನವಳಲ್ಲ, ರೋಗ ಅವನದಲ್ಲ, ನೆನಪು ಕೂಡ ಅವನದಲ್ಲ, ಕೆಳಗಿನ ಮನೆಯವರದು. ಅವನು ದುಃಖಪಡಬೇಕಿತ್ತು. ಬದಲಿಗೆ ಎಂಥ ನಗು ಉಕ್ಕಿತೆಂದರೆ ಕಂಡಕ್ಟರು ಟಿಕೆಟ್ಟಿನ ಬದಲು ಮೊದಲು ಅವನ ಮುಖ ನೋಡಿದ. “ಅಮ್ಮ,” ಎಂದ, ತಾಯಿಯ ಕಿವಿಗೆ ಬಾಗಿ, “ಹೌದು ಅಂದುಬಿಡು. ಅಷ್ಟು ಸಾಕು. ಮಗನಿಗೂ ಆಗ್ತಿತ್ತು ಅಂತ ಒಂದೇ ಮಾತು.” ಮುದುಕಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ಅವನನ್ನೇ ನೋಡಿದಳು. ಅವಳಿಗೆ ಯಾವುದು ಎಷ್ಟು ಅರ್ಥವಾಯಿತೋ. “ನನಗೆ ಸುಳ್ಳು ಹೇಳೋಕೆ ಬರಲ್ಲಪ್ಪ,” ಎಂದಳು. “ಪ್ರಯತ್ನ ಮಾಡ್ತೀನಿ.”

ಕ್ಲಿನಿಕ್ಕಿನ ಕೋಣೆಯಲ್ಲಿ ಹೆಂಡತಿ ಮತ್ತು ಬುಗುರಿ ಆಗಲೇ ಬಂದು ಕೂತಿದ್ದರು. ಹೆಂಡತಿಯ ಬೆರಳುಗಳಲ್ಲಿ ಸ್ಪಿರಿಟ್ಟಿನ ವಾಸನೆ. ಬುಗುರಿ ನೆಲದ ಚಾಪೆಯ ಮೇಲೆ ಮರದ ತುಂಡುಗಳಿಂದ ಏನೋ ಕಟ್ಟುತ್ತಿದ್ದಳು, ಎಡಗೈಯಲ್ಲಿ. ಡಾಕ್ಟರು ತೆಳ್ಳಗೆ, ಕೂದಲಲ್ಲಿ ಪೆನ್ನು ಸಿಕ್ಕಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುವ ಹೆಂಗಸು. ಅಜ್ಜಿಯನ್ನು ಕೂರಿಸಿ ನೀರು ಕೊಟ್ಟು ಕೇಳಿದರು. ಅಜ್ಜಿ ಒಂದು ಗುಟುಕು ಕುಡಿದಳು, ಲೋಟ ಇಟ್ಟಳು, ಸೆರಗು ಸರಿಮಾಡಿಕೊಂಡಳು.

“ಆಗ್ತಿತ್ತಾ ಅಂತ ಕೇಳ್ತೀರಲ್ಲ ತಾಯಿ! ಇವನಿಗೆ ದಿನಕ್ಕೆ ಎರಡು ಸಲ. ನೀಲಿ ಅಂದ್ರೆ ಎಂಥ ನೀಲಿ, ಬಟ್ಟೆಗೆ ಹಾಕೋ ನೀಲಿ. ಇವನೊಬ್ಬನೇ ಅಲ್ಲ, ಇವರಪ್ಪನಿಗೂ ಇತ್ತು. ಮದುವೆಯಾದ ಮೇಲೂ ಇತ್ತು! ನಾನು ಏನಾದ್ರೂ ಅಂದ್ರೆ ಸಾಕು, ಕಟ್ಟಿಬಿಡೋರು. ನನ್ನ ಕಡೇನೂ ಕಮ್ಮಿ ಏನಿಲ್ಲ. ನಮ್ಮ ದೊಡ್ಡಣ್ಣ…”

ಅವನು ಬೆರಗಿನಿಂದ ಕೇಳುತ್ತ ಕೂತ. ಅಮ್ಮ ನಿಲ್ಲಿಸಬೇಕಿತ್ತು, ನಿಲ್ಲಿಸುತ್ತಿರಲಿಲ್ಲ. ಯಾರ ರಕ್ತವೋ ಎಂದು ಗೊಣಗಿದ್ದ ಅದೇ ಬಾಯಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಎಬ್ಬಿಸಿ ತರುತ್ತಿತ್ತು. ಮಾವ, ಗಂಡ, ಅಣ್ಣ, ಅಣ್ಣನ ಮಗಳು, ಎಲ್ಲರೂ ಕೆನ್ನೆ ಉಬ್ಬಿಸಿಕೊಂಡು ಸಾಲಾಗಿ ಬಂದು ಚಾಪೆಯ ಮೇಲೆ ಕೂತ ಆ ಪುಟ್ಟ ಬೆನ್ನಿನ ಹಿಂದೆ ನಿಲ್ಲುತ್ತಿದ್ದರು. ಮುದುಕಿ ತನ್ನಲ್ಲಿದ್ದ ಬಂಧುಗಳನ್ನೆಲ್ಲ ಹುಡುಗಿಯ ಮಡಿಲಿಗೆ ಸುರಿಯುತ್ತಿದ್ದಳು. ಅವನ ಕಣ್ಣು ತುಂಬಿ ಬಂತು. ಅದೇ ಹೊತ್ತಿಗೆ ನಗುವೂ ಬಂದು, ಎರಡನ್ನೂ ತಡೆಯಲು ಕೆಮ್ಮಿದ. ಉಯ್ಯಾಲೆ ಸೂರಿಗೆ ತಾಗುವಷ್ಟು ಮೇಲೆ ಹೋಗಿತ್ತು.

“…ದೊಡ್ಡಣ್ಣನಿಗೆ ಆಗ ಬರೀ ಇಪ್ಪತ್ತು ವರ್ಷ ತಾಯಿ, ಕಟ್ಟಿದ ಉಸಿರು ಬಿಡಲೇ ಇಲ್ಲ. ಹಾಗೇ ಹೋದ.”

ಡಾಕ್ಟರ ಪೆನ್ನು ನಿಂತಿತು. “ತೀರಿಕೊಂಡ್ರಾ? ಉಸಿರು ಕಟ್ಟಿ?”

“ಹೂಂ ಮತ್ತೆ,” ಎಂದಳು ಅಜ್ಜಿ, ತಾನು ಗೆದ್ದೆ ಎಂಬ ಮುಖದಲ್ಲಿ.

ಡಾಕ್ಟರು ಕಡತವನ್ನು ಹತ್ತಿರ ಎಳೆದುಕೊಂಡರು. ಅವರ ದನಿ ಬದಲಾಗಿತ್ತು. “ಮೂರು ತಲೆಮಾರು, ಒಂದು ಸಾವು. ಇದನ್ನ ಬರೀ ಹಟ ಅಂತ ಬಿಡೋಕಾಗಲ್ಲ. ಹೃದಯದ್ದೊಂದು, ತಲೆಯದ್ದೊಂದು ಪರೀಕ್ಷೆ ಬರೀತೀನಿ. ಫಿಟ್ಸಿನ ಮಾತ್ರೆ ಇವತ್ತೇ ಶುರು ಮಾಡೋಣ. ದಿನಾ ಎರಡು ಹೊತ್ತು. ಸ್ವಲ್ಪ ಮಂಪರು ಇರುತ್ತೆ, ಆಟ ಪಾಟ ಕಮ್ಮಿಯಾಗುತ್ತೆ, ಗಾಬರಿ ಬೀಳಬೇಡಿ. ಎರಡು ಮೂರು ವರ್ಷ ತಗೋಬೇಕಾಗಬಹುದು.” ಚಾಪೆಯ ಮೇಲಿಂದ ಬುಗುರಿ ತಲೆ ಎತ್ತದೆ ಕೇಳಿದಳು, “ಕಹೀನಾ?” ಪೆನ್ನು ಔಷಧಿ ಚೀಟಿಯ ಮೇಲೆ ಓಡತೊಡಗಿತು. ಅವನು ತಲೆಕೆಳಗಾಗಿ ಓದುತ್ತಿದ್ದ, ಅಕ್ಷರ ಅಕ್ಷರವಾಗಿ, ಮಗಳ ವಯಸ್ಸು, ತೂಕ. ಹೆಂಡತಿಯತ್ತ ತಿರುಗಿದ. ಅವಳು ಅವನನ್ನೇ ನೋಡುತ್ತಿದ್ದಳು, ಸೂಜಿ ಚುಚ್ಚುವ ಮೊದಲು ನರ ಹುಡುಕುವವಳ ಹಾಗೆ. ಇನ್ನು ಒಂದು ಕ್ಷಣ ಕಾಯುತ್ತಾಳೆ, ಆಮೇಲೆ ತಾನೇ ಹೇಳುತ್ತಾಳೆ ಎಂದು ಅವನಿಗೆ ತಿಳಿಯಿತು. ಆ ಒಂದು ಕ್ಷಣವನ್ನು ತನಗೆ ಬಿಟ್ಟುಕೊಟ್ಟಿದ್ದಾಳೆ. ಹೇಳಿದರೆ ಆ ಎರಡು ಪದ ಹೋಗುತ್ತವೆ. ಮಗಳು ಮತ್ತೆ ಯಾರ ಹಾಗೂ ಅಲ್ಲದ ಮಗಳಾಗುತ್ತಾಳೆ. ಹೇಳದಿದ್ದರೆ ಅವನವಳಾಗಿ ಮಂಪರಿನಲ್ಲಿ ಇರುತ್ತಾಳೆ.

“ಬರೀಬೇಡಿ ಡಾಕ್ಟ್ರೇ.” ದನಿ ತೀರ ಗಟ್ಟಿಯಾಗಿ ಬಂತು, ಹೊರಗಿನ ಕೋಣೆಯಲ್ಲಿ ಯಾರದೋ ಮಗು ಅಳು ನಿಲ್ಲಿಸಿತು. “ನನಗೆ ಯಾವತ್ತೂ ಆಗಿಲ್ಲ. ದರ್ಜಿ ಮಗನಿಗೆ ಆಗಿದ್ದು. ನಮ್ಮಪ್ಪನಿಗೂ ಇಲ್ಲ. ಅಲ್ಲದೆ ಇವಳು… ಇವಳನ್ನ ನಾವು ಹದಿಮೂರು ತಿಂಗಳಿದ್ದಾಗ ತಂದ್ವಿ. ಇವಳ ರಕ್ತದಲ್ಲಿ ನಾವು ಯಾರೂ ಇಲ್ಲ.”

“ನಂಗೊತ್ತು,” ಎಂದಳು ಬುಗುರಿ ಮರದ ತುಂಡಿಗೆ. ಅವಳಿಗೆ ಯಾವತ್ತೋ ಗೊತ್ತಿತ್ತು. ಆ ದಾದಿಯ ಫೋಟೋ ಅವಳ ಮಂಚದ ಪಕ್ಕದಲ್ಲೇ ಇದೆ.

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. ಒಬ್ಬೊಬ್ಬರ ಮುಖವನ್ನೂ ನೋಡಿ ಕೊನೆಗೆ ಅಜ್ಜಿಯ ಬಳಿ ನಿಂತರು. “ಮತ್ತೆ ನಿಮ್ಮ ಅಣ್ಣ?”

“ಅವನು ಏಣಿಯಿಂದ ಬಿದ್ದ,” ಎಂದಳು ಅಜ್ಜಿ, ಸ್ವಲ್ಪವೂ ಅಳುಕದೆ. “ಆದ್ರೆ ಕೊನೆಗೆ ಉಸಿರು ನಿಂತಿದ್ದಂತೂ ನಿಜ ತಾಯಿ.”

ಡಾಕ್ಟರು ಕೈಯಿಂದ ಬಾಯಿ ಮುಚ್ಚಿಕೊಂಡರು. ಕೈಯ ಹಿಂದೆ ಏನು ನಡೆಯಿತೋ ಕಾಣಲಿಲ್ಲ. ಆಮೇಲೆ ಕುರ್ಚಿ ಬಿಟ್ಟು ಚಾಪೆಯ ಮೇಲೆ ಬಂದು ಕೂತು, “ನೀನೇ ಹೇಳು ಮಾರಾಯ್ತಿ. ಇವರನ್ನ ಕೇಳಿದ್ದೇ ನನ್ನ ತಪ್ಪು. ಯಾಕೆ ಉಸಿರು ಕಟ್ತೀಯ?” ಎಂದು ಕೇಳಿದರು.

“ಒಡೀಬಾರ್ದು ಅಂತ.”

“ಏನು ಒಡೀಬಾರ್ದು?”

ಇಷ್ಟು ಸರಳವಾದದ್ದು ಡಾಕ್ಟರಿಗೆ ಗೊತ್ತಿಲ್ಲವಲ್ಲ ಎಂಬ ಕನಿಕರದಿಂದ ಬುಗುರಿ ವಿವರಿಸಿದಳು. ಅಪ್ಪ ಕಟರ್ ಎಳೆಯುವಾಗ ಯಾರೂ ಉಸಿರು ಬಿಡಬಾರದು. ಚೌಕಟ್ಟು ಮಾವನೂ ಬಿಡಲ್ಲ, ಗಾಜು ತಗೊಳ್ಳೋಕೆ ಬಂದವರೂ ಬಿಡಬಾರದು. ಬಿಟ್ಟರೆ ಗಾಜು ಬೇಕಾಬಿಟ್ಟಿ ಒಡೆಯುತ್ತೆ. ತಾನು ಬಹಳ ಹೊತ್ತು ಕಟ್ಟಬಲ್ಲೆ, ಅದಕ್ಕೇ ತಾನಿದ್ದಾಗ ಒಂದೂ ಒಡೆದಿಲ್ಲ. ಶಾಲೆಯಲ್ಲಿ ಗಾಜು ಎಲ್ಲಿತ್ತು ಎಂದು ಡಾಕ್ಟರು ಕೇಳಿದರು. ಗಾಜು ಇರಲಿಲ್ಲ, ಮೇಡಂ ಒಬ್ಬ ಹುಡುಗನ ಮುಂದೆ ನಿಂತು ಏನೂ ಹೇಳದೆ ಸುಮ್ಮನೆ ನೋಡುತ್ತಿದ್ದರು, ಎಲ್ಲರೂ ಸುಮ್ಮನಾದರು. ಮನೆಯಲ್ಲಿ? “ಮನೇಲಿ ಅಪ್ಪ ಅಮ್ಮ ಮಾತಾಡ್ದೆ ಇರ್ತಾರಲ್ಲ, ಆವಾಗ.” ಹೇಳಿ, ಕೊನೆಯ ತುಂಡನ್ನು ಗೋಪುರದ ತುದಿಗೆ ಇಟ್ಟು, ಅದು ನಿಂತಿದೆಯೋ ಎಂದು ಎಲ್ಲರ ಮುಖ ನೋಡಿದಳು.

ಪ್ರತಿ ಶನಿವಾರ ಮಧ್ಯಾಹ್ನ, ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ಬೆರಳು ತುಟಿಗಿಟ್ಟು, “ಈಗ ನಾವಿಬ್ರೂ ಉಸಿರು ಹಿಡಿಯೋಣ, ಒಂದು, ಎರಡು…” ಎಂದದ್ದು ಅವನು. ಅವಳ ಕೆನ್ನೆಯನ್ನು ಕಟರಿನ ಜೊತೆಜೊತೆಗೇ ಓರೆಗಣ್ಣಿನಲ್ಲಿ ನೋಡಿ ಸುಖಪಟ್ಟದ್ದೂ ಅವನು. ಏಳು ದಿನ ತನ್ನ ರಕ್ತವನ್ನು, ಅಪ್ಪನ ರಕ್ತವನ್ನು, ಕೊನೆಗೆ ದರ್ಜಿಯ ಮಗನನ್ನೂ ಹುಡುಕಿದ್ದಾಯಿತು. ಕೊಟ್ಟದ್ದು ರಕ್ತವಲ್ಲ, ಸ್ಟೂಲು. ನೆಲ ಸರಿದಂತಾಯಿತು. ಆದರೆ ಆ ಸರಿದ ನೆಲದ ಸಂದಿಯಿಂದಲೇ, ಹಾಳಾದ್ದು, ಮತ್ತೆ ಅದೇ ಖುಷಿ ಇಣುಕಿತು: ಹಾಗಾದರೆ ನನ್ನಿಂದಲೇ ಬಂದದ್ದು! ಎಂಥ ಮನುಷ್ಯ ತಾನು. ಅವನು ತನ್ನ ತೊಡೆಯನ್ನು ಜಿಗುಟಿಕೊಂಡ.

“ಹುಟ್ಟುವಾಗ ಮಗು ಒಂದಿಷ್ಟು ತರುತ್ತೆ,” ಡಾಕ್ಟರು ಹೇಳುತ್ತಿದ್ದರು. “ಇವಳು ಬೇಗ ಬೆಚ್ಚೋ ಸ್ವಭಾವ ತಂದಿರಬಹುದು. ಯಾರಿಂದ ಅಂತ ನಮಗೆ ಗೊತ್ತಾಗಲ್ಲ. ಬೇರೆ ಮಗು ಆಗಿದ್ರೆ ನಿಮ್ಮ ಅಂಗಡೀಲಿ ನಕ್ಕು ಎದ್ದು ಹೋಗ್ತಿತ್ತು. ಇದೇ ಮಗು ಇನ್ನೊಂದು ಮನೇಲಿದ್ದಿದ್ರೆ ಉಗುರು ಕಚ್ಚುತ್ತಿತ್ತೋ, ಕತ್ತಲಿಗೆ ಹೆದರುತ್ತಿತ್ತೋ. ಯಾವುದು ಎಷ್ಟು ಪಾಲು ಅಂತ ತೂಗೋ ತಕ್ಕಡಿ ನನ್ನ ಹತ್ರ ಇಲ್ಲ. ಮಾತ್ರೆ ಬೇಡ. ಹೃದಯದ್ದು ಮಾತ್ರ ಒಮ್ಮೆ ನೋಡಿಸಿಬಿಡಿ, ನನ್ನ ಸಮಾಧಾನಕ್ಕೆ. ರಕ್ತದಲ್ಲಿ ಕಬ್ಬಿಣದಂಶ ಕಮ್ಮಿ ಇದ್ರೂ ಹೀಗಾಗೋದುಂಟು.” “ಅದು ನಾನು ಮಾಡ್ತೀನಿ,” ಎಂದಳು ಹೆಂಡತಿ. ಏಳು ದಿನಗಳಲ್ಲಿ ಅವನ ಎದುರಿಗೆ ಅವಳಾಡಿದ ಮೊದಲ ಪೂರ್ತಿ ವಾಕ್ಯ. ಶಾಲೆಗೆ ಪತ್ರ ಬರೆದು ಕೊಟ್ಟರು ಡಾಕ್ಟರು. ಕಡತದ ಆ ಎರಡು ಪದದ ಮೇಲೆ ಒಂದು ಗೀಟು ಎಳೆದರು.

ಬಸ್ಸು ನಿಲ್ಲುವ ಜಾಗದಲ್ಲಿ ಬಿಸಿಲು ಇನ್ನೂ ಇತ್ತು. ಹತ್ತು ಹನ್ನೆರಡು ಜನ ಕಾಯುತ್ತಿದ್ದರು. ಹೆಂಡತಿ ಚೀಲವನ್ನು ನೆಲಕ್ಕಿಟ್ಟಳು, ನೆಟ್ಟಗೆ ನಿಂತಳು, ಮತ್ತು ಅವನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರದ ದನಿಯಲ್ಲಿ ಕೂಗಿದಳು.

“ಒಂದು ವಾರ! ಒಂದು ವಾರ ಕಾದೆ ರೀ! ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ! ಇವರು ನೋಡಿದ್ರೆ ಬಚ್ಚಲುಮನೇಲಿ ಶಿಳ್ಳೆ ಹೊಡೀತಾ ಇದ್ದಾರೆ!”

“ನೀನೂ ಹೇಳಬಹುದಿತ್ತಲ್ಲ!” ಎಂದ ಅವನು. ತನ್ನ ದನಿಯೂ ಅಷ್ಟೇ ಎತ್ತರಕ್ಕೆ ಹೋದದ್ದು ಕೇಳಿ ಅವನಿಗೇ ಆಶ್ಚರ್ಯ. “ಡಾಕ್ಟ್ರ ಮುಂದೆ ನೀನೂ ಕೂತಿದ್ದೆ!”

“ನಾನು ಯಾಕೆ ಹೇಳ್ಲಿಲ್ಲ ಗೊತ್ತಾ? ಆಸೆ ರೀ! ಅಪ್ಪನ ಕಡೆಯಿಂದ ಒಂದು ಬಂದಿದೆ ಅಂತಾದ್ರೆ ನನ್ನ ಕಡೆಯಿಂದಾನೂ ಏನಾದ್ರೂ ಬಂದಿರಬಹುದಲ್ಲ ಅಂತ! ವಾರ ಪೂರ್ತಿ ಹುಡುಕಿದೀನಿ, ಮಲಗಿರೋ ಮಗುವಿನ ಕಾಲ್ಬೆರಳೆಲ್ಲಾ ನೋಡಿದೀನಿ! ನೀವೊಬ್ರೇ ಹುಚ್ಚರು ಅಂದ್ಕೊಂಡ್ರಾ?”

“ಜನ ನೋಡ್ತಿದಾರೆ ಕಣ್ರೇ,” ಎಂದಳು ಮುದುಕಿ.

“ನೋಡ್ಲಿ ಬಿಡಿ ಅತ್ತೆ! ನೀವಂತೂ ಏಣಿಯಿಂದ ಬಿದ್ದೋರನ್ನ ಎಬ್ಬಿಸಿ ಇನ್ನೊಂದು ಸಲ ಸಾಯಿಸಿದ್ರಿ!”

ಕಾಯುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಹೆಂಡತಿಯ ತುಟಿಯೂ ಒಂದು ಬದಿಗೆ ನಡುಗಿತು, ಆದರೆ ಅವಳಿಗೆ ಬೈಯುವುದು ಇನ್ನೂ ಉಳಿದಿತ್ತು, ಹನ್ನೊಂದು ವರ್ಷದ್ದು. ನಲ್ಲಿ, ತಂಗಿಯ ಮನೆ, ಒಮ್ಮೆ ಮರೆತ ಛತ್ರಿ. ಅವನೂ ಬಿಡಲಿಲ್ಲ. ಅವನ ಕಿವಿ ಬಿಸಿಯಾಗಿ, ಕಾಲು ಹಗುರಾಗಿ, ನಡುರಸ್ತೆಯಲ್ಲಿ ಬೈಸಿಕೊಳ್ಳುವುದು ಇಷ್ಟು ಸುಖವೆಂದು ಯಾರೂ ಹೇಳಿರಲಿಲ್ಲವಲ್ಲ ಎನ್ನಿಸಿತು. ಬುಗುರಿ ನಡುವೆ ನಿಂತು ಅಮ್ಮನ ಮುಖ, ಅಪ್ಪನ ಮುಖ, ಮತ್ತೆ ಅಮ್ಮನ ಮುಖ ನೋಡುತ್ತಿದ್ದಳು. ಬಾಯಿ ಅರ್ಧ ತೆರೆದಿತ್ತು. ಅಮ್ಮ ದಣಿದು ನಿಂತ ಕೂಡಲೇ ಅವನ ಅಂಗಿ ಜಗ್ಗಿದಳು.

“ಈಗ ನಾನು.”

“ನೀನೇನಮ್ಮ?”

“ನಾನು ಬಿದ್ರೆ ನಿನಗ್ಯಾಕೆ ಖುಷಿ?”

ಅವನ ತಲೆಯೊಳಗಿನ ಉಯ್ಯಾಲೆಯಿಂದ ಯಾರೋ ಇಳಿದು ಹೋದರು. ತಗ್ಗಿಸಿದ ತಲೆ, ಕೆಮ್ಮು, ಕಿಟಕಿಯ ಕಡೆ ತಿರುಗಿಸಿದ ಮುಖ, ಇಷ್ಟು ದಿನ ಯಾರಿಗೂ ಕಾಣದು ಎಂದುಕೊಂಡಿದ್ದ. ಅವಳು ಕೆಳಗಿನಿಂದ, ನೆಲದಿಂದ ನೋಡುತ್ತಿದ್ದವಳು. ತಗ್ಗಿಸಿದ ಮುಖ ಕಾಣುವುದು ಅಲ್ಲಿಂದಲೇ. ಹೆಂಡತಿಯ ಕಡೆ ನೋಡಿದ. ಅವಳು ಅವನನ್ನು ಈ ಸಲ ಪಾರುಮಾಡಲಿಲ್ಲ. ಅವನು ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ.

“ನೀನು ನನ್ನ ಹಾಗೆ ಅಂದ್ಕೊಂಡೆ. ಅದಕ್ಕೆ.”

ಬುಗುರಿ ಅವನ ಮುಖವನ್ನು ಹಣೆಯಿಂದ ಗಲ್ಲದ ತನಕ ನೋಡಿದಳು. “ನಾನು ನಿನ್ನ ಹಾಗಿಲ್ಲ. ನಾನು ಎಡಗೈ.”

“ಹೌದು.”

“ನಂಗೆ ನೋವಾಗಿತ್ತು. ಮೊಣಕೈಗೆ.”

“ಹೂಂ. ನಾನು ಮೊಣಕೈ ನೋಡ್ಲೇ ಇಲ್ಲ,” ಎಂದ. “ತೋರಿಸು.”

ಅವಳು ತೋಳು ಮಡಚಿ ತೋರಿಸಿದಳು. ಗಾಯ ಒಣಗಿ ಅಂಚಿನಲ್ಲಿ ಎದ್ದಿತ್ತು. ಅವನು ಅದನ್ನು ಮುಟ್ಟದೆ ನೋಡಿದ, ಬಹಳ ಹೊತ್ತು ನೋಡಿದ. ಬಸ್ಸು ಬಂತು, ಅಜ್ಜಿ ಎಲ್ಲರನ್ನೂ ಮೊಣಕೈಯಿಂದ ತಳ್ಳಿ ಮೊದಲು ಹತ್ತಿ, ನಾಲ್ಕು ಸೀಟು ಹಿಡಿದೆ ಎಂದು ಕಿಟಕಿಯಿಂದ ಕೂಗತೊಡಗಿದಳು.

“ಇನ್ನು ಯಾವತ್ತೂ ಖುಷಿ ಪಡಲ್ಲ ಕಣಮ್ಮ,” ಎಂದ ಅವನು.

ಬುಗುರಿ ಯೋಚಿಸಿದಳು. ಮೆಟ್ಟಿಲಿಗೆ ಒಂದು ಕಾಲಿಟ್ಟು ತಿರುಗಿ, “ಪಡು,” ಎಂದಳು. “ನಾನು ಎದ್ದ ಮೇಲೆ ಪಡು.”